ಬೀದಿ ಗೋಡೆಯ ಚಿತ್ರ ಮಾರುವ ಕೆಲಸ: ಮಲೆನಾಡಿನಲ್ಲಿ ಶುರು ಮಾಡುವುದು ಹೇಗೆ

"ಗೋಡೆ ಚಿತ್ರ ಮಾರ್ತೀನಿ ಅಂದ್ರೆ ಏನೋ ಅದು? ಗೋಡೆ ಕಿತ್ತು ಕೊಡ್ತೀಯಾ?"

ಒಂಬತ್ತು ವರ್ಷದ ಹಿಂದೆ ನಾನು ಈ ಕೆಲಸಕ್ಕೆ ಇಳಿದಾಗ ನಮ್ಮ ಮಾವ ಕೇಳಿದ ಮೊದಲ ಪ್ರಶ್ನೆ ಇದು. ಈಗಲೂ ಶಿವಮೊಗ್ಗದಲ್ಲಿ ಹೊಸಬರು ಸಿಕ್ಕಾಗ ಹೆಚ್ಚಿನವರು ಇದನ್ನೇ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಹೌದು. ಈ ಕೆಲಸ ಕಲಿಯಬೇಕು ಅನ್ನುವವರು ಮೊದಲು ಇದಕ್ಕೇ ಉತ್ತರ ಕಂಡುಕೊಳ್ಳಬೇಕು.

ನಾವು ಗೋಡೆ ಮಾರುವುದಿಲ್ಲ. ಗೋಡೆ ಬರೆದವರು ಕ್ಯಾನ್ವಾಸ್ ಮೇಲೋ ಹಲಗೆ ಮೇಲೋ ಬರೆದುಕೊಟ್ಟದ್ದನ್ನು ಮಾರುತ್ತೇವೆ. ಅವರೇ ಒಪ್ಪಿ, ನಂಬರ್ ಹಾಕಿ, ಸಹಿ ಮಾಡಿದ ಪ್ರಿಂಟ್ ಮಾರುತ್ತೇವೆ. ಮತ್ತೆ, ಯಾರಿಗಾದರೂ ಹೊಸ ಗೋಡೆ ಬರೆಸಬೇಕಾದರೆ ಆ ಕೆಲಸ ಹಿಡಿದು ಕೊಡುತ್ತೇವೆ. ಮೊದಲ ಎರಡು ವರ್ಷ ನಿಮ್ಮ ಹೊಟ್ಟೆ ತುಂಬಿಸುವುದು ಈ ಕೊನೆಯದೇ.

ಗೋಡೆಯನ್ನೇ ಕಿತ್ತು ಮಾರಿದವರೂ ಇದ್ದಾರೆ. ಲಂಡನ್ನಿನ ವುಡ್ ಗ್ರೀನ್‌ನಲ್ಲಿ ಒಂದು ಅಂಗಡಿಯ ಹೊರಗೋಡೆ ಮೇಲೆ, ಹೊಲಿಗೆ ಯಂತ್ರದ ಮುಂದೆ ಮಂಡಿಯೂರಿದ ಹುಡುಗನ ಚಿತ್ರ ಇತ್ತು. ಬ್ಯಾಂಕ್ಸಿ ಎಂಬ ಹೆಸರಿನಲ್ಲಿ ಗುಟ್ಟಾಗಿ ಬರೆಯುವ ಕಲಾವಿದರದ್ದು. 2013ರಲ್ಲಿ ಅದು ಗೋಡೆ ಸಮೇತ ಮಾಯವಾಯಿತು, ಅಮೆರಿಕದ ಮಯಾಮಿಯ ಹರಾಜಿನಲ್ಲಿ ಪ್ರತ್ಯಕ್ಷವಾಯಿತು. ಆ ಬೀದಿಯ ಜನ ಸುಮ್ಮನಿರಲಿಲ್ಲ. 'ಅದು ನಮ್ಮ ಬೀದಿಯದು' ಎಂದು ಗಲಾಟೆ ಎಬ್ಬಿಸಿದರು. ಹರಾಜಿನಿಂದ ಚಿತ್ರ ಹಿಂದೆ ಸರಿಯಿತು. ಆಮೇಲೆ ಲಂಡನ್ನಿನಲ್ಲೇ ಮಾರಾಟವಾಯಿತು ಅನ್ನುವುದು ಬೇರೆ ಮಾತು. ಬ್ಯಾಂಕ್ಸಿ ಚಿತ್ರ ಅಸಲಿಯೇ ಎಂದು ಪತ್ರ ಕೊಡುವ ಪೆಸ್ಟ್ ಕಂಟ್ರೋಲ್ ಎಂಬ ಸಂಸ್ಥೆ ಇದೆ. ಬೀದಿಯಿಂದ ಕಿತ್ತು ತಂದದ್ದಕ್ಕೆ ಅದು ಪತ್ರ ಕೊಡುವುದಿಲ್ಲ. ನನಗೆ ಅದೇ ಸರಿ ಅನ್ನಿಸುತ್ತದೆ. ಬೀದಿಗೆ ಬರೆದದ್ದು ಬೀದಿಯಲ್ಲೇ ಇರಲಿ.

ಇನ್ನೊಂದು ಸಂಗತಿ. ಅದೇ 2013ರ ಅಕ್ಟೋಬರಿನಲ್ಲಿ ಬ್ಯಾಂಕ್ಸಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಹತ್ತಿರ ಫುಟ್‌ಪಾತ್ ಮೇಲೆ ಒಂದು ಅಂಗಡಿ ಇಡಿಸಿದರು. ಅಸಲಿ ಚಿತ್ರಗಳು, ಒಂದಕ್ಕೆ 60 ಡಾಲರ್. ಬೋರ್ಡಿನಲ್ಲಿ ಅವರ ಹೆಸರಿಲ್ಲ. ವಯಸ್ಸಾದ ಒಬ್ಬರು ಸುಮ್ನೆ ಕೂತಿದ್ದರು. ಇಡೀ ದಿನದ ವ್ಯಾಪಾರ 420 ಡಾಲರ್. ಮಾರನೆಯ ವರ್ಷ ಅಲ್ಲಿ ಕೊಂಡಿದ್ದ ಎರಡು ಚಿತ್ರ ಹರಾಜಿನಲ್ಲಿ ಎರಡೂ ಸೇರಿ ಒಂದು ಲಕ್ಷ ಪೌಂಡ್‌ಗೂ ಜಾಸ್ತಿಗೆ ಹೋದವು. ಚಿತ್ರ ಅದೇ, ಕೈ ಅದೇ. ಫುಟ್‌ಪಾತಿನಲ್ಲಿ ಇಲ್ಲದೇ ಇದ್ದದ್ದು 'ಇದು ಇಂಥವರದು' ಎಂದು ನಂಬಿಕೆಯಿಂದ ಹೇಳುವ ಒಬ್ಬ ಮನುಷ್ಯ. ನಾವು ಆಗಬೇಕಾದದ್ದು ಆ ಮನುಷ್ಯ. ಮುಂದೆ ಹೇಳುವ ಒಪ್ಪಂದ, ಪತ್ರ, ಲೆಕ್ಕ ಎಲ್ಲವೂ ಇದಕ್ಕಾಗಿಯೇ.

ಮೊದಲು ಬರೆಯುವವರನ್ನು ಹುಡುಕಿ

ಅಂಗಡಿ ಬಾಡಿಗೆಗೆ ಹಿಡಿಯಬೇಡಿ. ಬೋರ್ಡೂ ಹಾಕಬೇಡಿ. ಮೊದಲ ಆರು ತಿಂಗಳು ಬರೀ ತಿರುಗಾಡಿ.

ನಮ್ಮ ಕಡೆ ಮೂರು ಬಗೆಯ ಜನ ಸಿಗುತ್ತಾರೆ. ಒಂದು, ಹಳೆಯ ಬೋರ್ಡ್ ಕಲಾವಿದರು. ಫ್ಲೆಕ್ಸ್ ಬರುವ ಮೊದಲು ಶಿವಮೊಗ್ಗದ ಗಾಂಧಿ ಬಜಾರ್, ಬಿ.ಎಚ್. ರಸ್ತೆ, ದುರ್ಗಿಗುಡಿಯ ಅಂಗಡಿಗಳ ಬೋರ್ಡೆಲ್ಲ ಕೈಯಲ್ಲಿ ಬರೆದದ್ದೇ ಅಲ್ವಾ? ಆ ಕೈಗಳು ಇನ್ನೂ ಇವೆ. ಕೆಲವರು ಲಾರಿ ಹಿಂದೆ ಬರೆಯುತ್ತಾರೆ, ಕೆಲವರು ಶಾಲೆ ಗೋಡೆಗೆ ನಕ್ಷೆ ಬರೆಯುತ್ತಾರೆ, ಕೆಲವರು ಸುಣ್ಣಬಣ್ಣಕ್ಕೆ ಹೋಗುತ್ತಾರೆ. ನನಗೆ ಸಿಕ್ಕ ಒಬ್ಬ ಯಜಮಾನರು ಅಟ್ಟಣಿಗೆ ಮೇಲೆ ನಿಂತು, ಗೆರೆ ಹಾಕಿಕೊಳ್ಳದೆ, ನಾಲ್ಕಡಿ ಎತ್ತರದ 'ಶ್ರೀ' ಬರೆದದ್ದನ್ನು ನೋಡಿದ್ದೇನೆ. ಕೆಳಗಿಳಿದು ನೋಡಿದರೆ ಕೂದಲೆಳೆಯಷ್ಟೂ ಓರೆಯಿಲ್ಲ. ಅಂಥವರನ್ನು ಬಿಡಬೇಡಿ.

ಎರಡನೆಯವರು ಚಿತ್ರಕಲೆ ಓದಿದ ಹುಡುಗ ಹುಡುಗಿಯರು. ಮೈಸೂರಿನ ಕಾವಾ ಕಲಾ ಕಾಲೇಜು, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಕಲಿತು ಊರಿಗೆ ಬಂದವರು. ಮೈಸೂರಿನ ಬಾದಲ್ ನಂಜುಂಡಸ್ವಾಮಿ ಕಾವಾದಲ್ಲಿ ಓದಿದವರೇ. 2015ರಲ್ಲಿ ಬೆಂಗಳೂರಿನ ರಸ್ತೆ ಗುಂಡಿಯಲ್ಲಿ ಅವರು ಮೊಸಳೆಯ ಬೊಂಬೆ ಕೂರಿಸಿದ್ದು ನೆನಪಿರಬಹುದು. ಆ ಮೊಸಳೆ ಮಾರಾಟಕ್ಕೆ ಇರಲಿಲ್ಲ. ಆದರೆ ಅವರ ಹೆಸರು ಊರೂರಿಗೆ ಹೋಯಿತು. ಬೀದಿಯ ಕೆಲಸದಿಂದ ಹೆಸರು, ಹೆಸರಿನಿಂದ ಬೇರೆ ಕೆಲಸ. ಈ ದಾರಿಯನ್ನು ಹುಡುಗರಿಗೆ ಬಿಡಿಸಿ ಹೇಳಿ.

ಮೂರನೆಯವರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಸಾಗರ, ಸೊರಬ, ಹೊಸನಗರ ಕಡೆಯ ದೀವರ ಮನೆಗಳಲ್ಲಿ ಹಸೆ ಚಿತ್ತಾರ ಬರೆಯುವ ಹೆಣ್ಣುಮಕ್ಕಳು. ಯಾವ ಕಾಲೇಜಿಗೂ ಹೋಗದೆ ತಲೆಮಾರುಗಳಿಂದ ಗೋಡೆ ಬರೆದವರು ಇವರು. ಗೋಡೆಗೆ ಕೆಮ್ಮಣ್ಣು ಸಾರಿಸಿ, ನೆನೆಸಿ ಅರೆದ ಅಕ್ಕಿಯಿಂದ ಬಿಳಿ, ಸುಟ್ಟ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ ಮಾಡಿಕೊಳ್ಳುತ್ತಾರೆ. ಕುಂಚ ಅಂದರೆ ಪುಂಡಿ ನಾರು.

ಸಾಗರದ ಹತ್ತಿರದ ಒಂದು ಊರಲ್ಲಿ ಒಬ್ಬ ಅಕ್ಕ ಬರೆಯುವುದನ್ನು ಇಡೀ ಮಧ್ಯಾಹ್ನ ಕೂತು ನೋಡಿದೆ. ನಾರಿನ ತುದಿಯನ್ನು ಬಿಳಿಯಲ್ಲಿ ಅದ್ದಿ, ಬಟ್ಟಲ ಅಂಚಿಗೆ ಒಮ್ಮೆ ಒತ್ತಿ, ಉಸಿರು ಹಿಡಿದು ಎಳೆ ಎಳೆಯುತ್ತಿದ್ದರು. ಕಿರುಬೆರಳು ಗೋಡೆಗೆ ತಾಗಿಕೊಂಡು ಕೈ ಜೊತೆಗೇ ಜಾರುತ್ತಿತ್ತು. ಎಳೆ ಮುಗಿದ ಮೇಲೆಯೇ ಉಸಿರು ಬಿಡುತ್ತಿದ್ದರು. ಒಂದು ಹೋಮ್‌ಸ್ಟೇ ಊಟದ ಕೋಣೆಗೆ ಇದೇ ಹಸೆ ಬರೆದುಕೊಡುತ್ತೀರಾ ಎಂದು ಕೇಳಿದೆ. ಅವರು ಕೈ ನಿಲ್ಲಿಸಿ ನನ್ನ ಕಡೆ ತಿರುಗಿದರು.

"ತಮ್ಮಾ, ಇದು ಮದುವೆ ಮನೆ ಗೋಡೆಗೆ ಬರೆಯೋದು. ಇದ್ರ ಕೆಳಗೆ ಮದುಮಕ್ಕಳು ಕೂರ್ಬೇಕು. ಹೋಟ್ಲಲ್ಲಿ ಬರೆದ್ರೆ ಕೂರೋರು ಯಾರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಅವರೇ ದಾರಿ ತೋರಿಸಿದರು. "ಹಸೆ ಬ್ಯಾಡ. ಭೂಮಿ ಹುಣ್ಣಿಮೆ ಬುಟ್ಟಿಗೆ ಬರಿತೀವಲ್ಲ, ಆ ನಮೂನೆ ಹಲಗೆ ಮೇಲೆ ಬರ್ದುಕೊಡ್ತೀನಿ" ಅಂದರು. ಹಾಗೇ ಮಾಡಿದೆವು. ಯಾವುದು ಮಾರಾಟಕ್ಕೆ, ಯಾವುದು ಅಲ್ಲ ಎಂದು ಬರೆಯುವವರನ್ನೇ ಕೇಳಿ. ಅವರು ಬೇಡ ಅಂದದ್ದನ್ನು ಬೇರೆ ಹುಡುಗರ ಕೈಲಿ ನಕಲು ಮಾಡಿಸಿ ಮಾರುವವರು ಇದ್ದಾರೆ. ನೀವು ಅದನ್ನು ಮಾಡಬೇಡಿ.

ಒಪ್ಪಂದ: ಒಂದು ಹಾಳೆ ಸಾಕು, ಆದರೆ ಬೇಕೇ ಬೇಕು

ಇದನ್ನು ನಾನು ತಪ್ಪು ಮಾಡಿಯೇ ಕಲಿತೆ. ಶುರುವಿನಲ್ಲಿ ನಮ್ಮ ಬಡಾವಣೆಯ ಗೋಡೆ ಮೇಲೆ ಒಬ್ಬ ಹುಡುಗ ತುಂಗೆಯ ದೋಣಿ ಚಿತ್ರ ಬರೆದಿದ್ದ. ಚೆಂದದ ಚಿತ್ರ. ನಾನು ಫೋಟೋ ತೆಗೆದು, ಕ್ಯಾನ್ವಾಸ್ ಮೇಲೆ ಪ್ರಿಂಟ್ ಹಾಕಿಸಿ, ತೀರ್ಥಹಳ್ಳಿ ಕಡೆಯ ಒಂದು ಹೋಮ್‌ಸ್ಟೇಗೆ ಆರು ಮಾರಿದೆ. ಬೀದಿಯಲ್ಲಿ ಇದ್ದದ್ದು ಎಲ್ಲರದೂ ಅಂದುಕೊಂಡಿದ್ದೆ. ಎರಡು ತಿಂಗಳಾದ ಮೇಲೆ ಆ ಹುಡುಗ ಯಾವುದೋ ನೆಂಟರ ಕಾರ್ಯಕ್ರಮಕ್ಕೆ ಅದೇ ಹೋಮ್‌ಸ್ಟೇಗೆ ಹೋಗಿದ್ದ. ಫೋನ್ ಮಾಡಿ ಜಗಳ ಆಡಲಿಲ್ಲ. "ಅಣ್ಣಾ, ಇದು ನನ್ನದಲ್ವಾ?" ಅಂತ ಇಷ್ಟೇ ಕೇಳಿದ. ಬಂದ ಅಷ್ಟೂ ಹಣ ಅವನಿಗೆ ಕೊಟ್ಟೆ, ಉಳಿದ ಪ್ರಿಂಟ್‌ಗಳನ್ನೂ ಕೊಟ್ಟೆ. ಆದರೂ ಆ ಪ್ರಶ್ನೆ ನೆನಪಾದರೆ ಈಗಲೂ ಸಂಕಟವಾಗುತ್ತದೆ.

ಕಾನೂನೂ ಆ ಹುಡುಗನ ಕಡೆಗೇ ಇದೆ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಚಿತ್ರದ ಹಕ್ಕು ಬರೆದವರು ಬದುಕಿರುವಷ್ಟು ಕಾಲ, ಆಮೇಲೆ 60 ವರ್ಷ. ಬಯಲಿನಲ್ಲಿ ಇರುವ ಶಿಲ್ಪದ ಫೋಟೋ ತೆಗೆಯಲು ಕಾಯ್ದೆಯಲ್ಲಿ ಸಡಿಲಿಕೆ ಇದೆ. ಗೋಡೆ ಚಿತ್ರಕ್ಕೆ ಆ ಸಡಿಲಿಕೆ ನಂಬಿಕೊಂಡು ಪ್ರಿಂಟ್ ವ್ಯಾಪಾರ ಮಾಡಲು ಆಗುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ. ಹುಡುಗ ತನ್ನ ಪಾಡಿಗೆ ಬರೆದರೆ ಹಕ್ಕು ಅವನದು. ಆದರೆ ಒಬ್ಬರು ಹಣ ಕೊಟ್ಟು 'ನನಗೆ ಬರೆದುಕೊಡು' ಎಂದು ಬರೆಸಿದರೆ, ಬೇರೆ ಮಾತು ಆಗದೇ ಇದ್ದಲ್ಲಿ, ಹಕ್ಕು ಬರೆಸಿದವರಿಗೆ ಹೋಗುತ್ತದೆ. ಕಾಯ್ದೆಯ 17ನೇ ಸೆಕ್ಷನ್ ಇದು. ಹಾಗಾಗಿ ಗೋಡೆ ಕೆಲಸ ಹಿಡಿಯುವಾಗ ಒಪ್ಪಂದದಲ್ಲಿ ಈ ಸಾಲು ತಪ್ಪದೆ ಬರೆಸಿ: 'ಚಿತ್ರದ ಕಾಪಿರೈಟ್ ಕಲಾವಿದರಲ್ಲೇ ಉಳಿಯುತ್ತದೆ.' ಇದೊಂದು ಸಾಲು ಇದ್ದರೆ ಇನ್ನೊಂದು ಅನುಕೂಲವೂ ಸಿಗುತ್ತದೆ. ಮೂಲ ಚಿತ್ರ ಮುಂದೆ 10,000 ರೂಪಾಯಿ ಮೀರಿ ಮರುಮಾರಾಟವಾದರೆ, ಅದರಲ್ಲಿ ಕಲಾವಿದರು ಪಾಲು ಕೇಳಲು 53ಎ ಸೆಕ್ಷನ್‌ನಲ್ಲಿ ಅವಕಾಶ ಇದೆ. ಪಾಲು ಹೆಚ್ಚೆಂದರೆ ಶೇಕಡ 10. ಹಕ್ಕು ಮೊದಲಿನಿಂದ ಕಲಾವಿದರದೇ ಆಗಿದ್ದರೆ ಮಾತ್ರ ಇದು ನಡೆಯುತ್ತದೆ.

ಹಕ್ಕು ಯಾರ ಹತ್ತಿರ ಇದ್ದರೂ, ತನ್ನ ಕೃತಿಯನ್ನು ಕೆಡಿಸಬಾರದು, ತನ್ನ ಹೆಸರು ಇರಬೇಕು ಎಂದು ಕೇಳುವ ಹಕ್ಕು ಬರೆದವರಿಗೆ ಉಳಿದೇ ಇರುತ್ತದೆ. ದೆಹಲಿಯ ವಿಜ್ಞಾನ ಭವನದಲ್ಲಿ ಅಮರನಾಥ ಸೆಹಗಲ್ ಅವರ ದೊಡ್ಡ ಕಂಚಿನ ಭಿತ್ತಿಶಿಲ್ಪ ಇತ್ತು. ಸರ್ಕಾರ ಅದನ್ನು 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿತು. 2005ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಅವರಿಗೇ ವಾಪಸ್ ಕೊಡಿ, 5 ಲಕ್ಷ ರೂಪಾಯಿ ಪರಿಹಾರವನ್ನೂ ಕೊಡಿ ಎಂದು ಹೇಳಿತು. ಗೋಡೆ ಬರೆಸುವವರಿಗೆ ನಾನು ಈ ಕಥೆ ಮೊದಲೇ ಹೇಳುತ್ತೇನೆ. 'ಬಣ್ಣ ಹೊಡೆದು ಅಳಿಸುವುದಾದರೆ ಒಂದು ತಿಂಗಳು ಮೊದಲೇ ತಿಳಿಸಬೇಕು' ಎಂಬ ಸಾಲನ್ನು ಒಪ್ಪಂದಕ್ಕೆ ಸೇರಿಸುತ್ತೇನೆ. ಆ ಒಂದು ತಿಂಗಳಲ್ಲಿ ಚೆನ್ನಾಗಿ ಫೋಟೋ ತೆಗೆದಿಟ್ಟುಕೊಳ್ಳಬಹುದು.

ಹಾಳೆಯಲ್ಲಿ ಇನ್ನು ಬೇಕಾದದ್ದು: ಒಟ್ಟು ಮೊತ್ತ, ಮುಂಗಡ, ಖರ್ಚು ಯಾರದು, ನಿಮ್ಮ ಕಮಿಷನ್ ಎಷ್ಟು, ಮಾರಾಟವಾದ ಎಷ್ಟು ದಿನಕ್ಕೆ ಕಲಾವಿದರಿಗೆ ಹಣ. ನಾನು ಹದಿನೈದು ದಿನ ಅಂತ ಬರೆಯುತ್ತೇನೆ. ಕನ್ನಡದಲ್ಲೇ ಬರೆಯಿರಿ. ಓದಲು ಬಾರದವರಿಗೆ, ಅವರ ಮನೆಯ ಮಕ್ಕಳ ಮುಂದೆ ಓದಿ ಹೇಳಿ, ಒಂದು ಪ್ರತಿ ಅವರ ಕೈಗೆ ಕೊಡಿ.

ಗೋಡೆಗೆ ಅನುಮತಿ

ಕೇಳದೆ ಯಾರ ಗೋಡೆಯನ್ನೂ ಮುಟ್ಟಬೇಡಿ. ಸಾರ್ವಜನಿಕ ಜಾಗಗಳ ಅಂದಗೆಡಿಸುವುದನ್ನು ತಡೆಯಲು ಕರ್ನಾಟಕದಲ್ಲಿ 1981ರ ಕಾಯ್ದೆಯೇ ಇದೆ. ದಂಡವೂ ಉಂಟು, ಜೈಲೂ ಉಂಟು. ಖಾಸಗಿ ಗೋಡೆಯಾದರೆ ಮಾಲೀಕರ ಪತ್ರ, ಊರಿನ ಗೋಡೆಯಾದರೆ ಪಾಲಿಕೆ ಅಥವಾ ಪಂಚಾಯ್ತಿಯ ಪತ್ರ ಕೈಯಲ್ಲಿರಲಿ. ಬರೆಯುವ ದಿನ ಅದನ್ನು ಜೇಬಲ್ಲೇ ಇಟ್ಟುಕೊಳ್ಳಿ. ಚಿತ್ರದ ಸ್ಕೆಚ್ಚನ್ನು ಅಕ್ಕಪಕ್ಕದ ಅಂಗಡಿಯವರಿಗೂ ಒಮ್ಮೆ ತೋರಿಸಿ. ಆಮೇಲೆ ಆ ಗೋಡೆ ಕಾಯುವವರು ಅವರೇ.

ಬೆಲೆ ಕಟ್ಟುವುದು

ಗೋಡೆ ಕೆಲಸಕ್ಕೆ ನಮ್ಮಲ್ಲಿ ಚದರಡಿ ಲೆಕ್ಕ. ಒಂದು ಉದಾಹರಣೆ ಹಾಕೋಣ. ಗೋಡೆ 12 ಅಡಿ ಉದ್ದ, 10 ಅಡಿ ಎತ್ತರ, ಅಂದರೆ 120 ಚದರಡಿ. ಅಡಿಗೆ 200 ರೂಪಾಯಿಗೆ ಒಪ್ಪಿದರೆ 24,000. ಬಣ್ಣ, ಪ್ರೈಮರ್, ಅಟ್ಟಣಿಗೆ, ಒಬ್ಬ ಸಹಾಯಕ, ಓಡಾಟ ಎಲ್ಲ ಸೇರಿ 12,000 ಖರ್ಚಾಯಿತು ಅನ್ನಿ. ಕೆಲಸ ನಾಲ್ಕು ದಿನ.

ಈಗ ನೀವು ಶೇಕಡ 30 ಕಮಿಷನ್ ತೆಗೆದುಕೊಳ್ಳುವವರು. ಒಟ್ಟು ಮೊತ್ತದ ಮೇಲೆ ತೆಗೆದರೆ ನಿಮಗೆ 7,200. ಬರೆದವರಿಗೆ ಉಳಿಯುವುದು 4,800, ದಿನಕ್ಕೆ 1,200. ಬಿಸಿಲಲ್ಲಿ ಅಟ್ಟಣಿಗೆ ಮೇಲೆ ನಿಂತ ಕಲಾವಿದರಿಗಿಂತ ಫೋನಿನಲ್ಲಿ ಮಾತಾಡಿದವರಿಗೆ ಜಾಸ್ತಿ! ಹಾಗಲ್ಲ. ಖರ್ಚು ಕಳೆದು ಉಳಿದ 12,000ದ ಮೇಲೆ ಶೇಕಡ 30 ತೆಗೆಯಿರಿ. ನಿಮಗೆ 3,600, ಅವರಿಗೆ 8,400. ನಾನು ಹೀಗೇ ಮಾಡುತ್ತೇನೆ. ನನ್ನ ಜೊತೆ ಶುರುವಿನಲ್ಲಿ ಇದ್ದ ಕಲಾವಿದರು ಇವತ್ತೂ ಇದ್ದಾರೆ.

ಕ್ಯಾನ್ವಾಸ್ ವಿಷಯ ಬೇರೆ. ದೊಡ್ಡ ಊರಿನ ಗ್ಯಾಲರಿಗಳು ಅರ್ಧಕ್ಕರ್ಧ ತೆಗೆದುಕೊಳ್ಳುವುದೂ ಉಂಟು. ಅವರಿಗೆ ಜಾಗದ ಬಾಡಿಗೆ, ಪ್ರದರ್ಶನ, ಪುಸ್ತಕ ಎಂದೆಲ್ಲ ಖರ್ಚಿದೆ. ನಿಮಗೆ ಅಷ್ಟು ಖರ್ಚಿಲ್ಲದಿದ್ದರೆ ಅಷ್ಟು ಕೇಳಬೇಡಿ. ಹೊಸ ಕಲಾವಿದರ ಬೆಲೆ ಕಡಿಮೆಯಿಂದ ಶುರುವಾಗಲಿ, ವರ್ಷಕ್ಕೊಮ್ಮೆ ಸ್ವಲ್ಪ ಏರಲಿ. ಒಮ್ಮೆ ಏರಿಸಿದ್ದನ್ನು ಇಳಿಸಬೇಡಿ. ಮೊದಲು ಕೊಂಡವರಿಗೆ ಅದು ಮೋಸ.

ಪ್ರಿಂಟ್ ಮಾಡಿದರೆ ಸಂಖ್ಯೆಗೆ ಕಟ್ಟುಬೀಳಿ. 50 ಅಂದರೆ 50. ಪ್ರತಿಯೊಂದರ ಕೆಳಗೆ 1/50, 2/50 ಎಂದು ಕಲಾವಿದರೇ ಪೆನ್ಸಿಲ್ಲಿನಲ್ಲಿ ಬರೆದು ಸಹಿ ಹಾಕಬೇಕು. ಹತ್ತಿಯ ದಪ್ಪ ಕಾಗದ ತರಿಸಿ. ಜೊತೆಗೆ ಒಂದು ಪತ್ರ ಕೊಡಿ: ಕಲಾವಿದರ ಹೆಸರು, ಚಿತ್ರದ ಹೆಸರು, ಅಳತೆ, ವರ್ಷ, ಬಣ್ಣ ಯಾವುದು, ಮೂಲ ಗೋಡೆ ಎಲ್ಲಿದೆ ಅಥವಾ ಎಲ್ಲಿತ್ತು, ಗೋಡೆಯ ಚಿಕ್ಕ ಫೋಟೋ, ಇಬ್ಬರ ಸಹಿ. ಪತ್ರದ ನಕಲು ನಿಮ್ಮ ಫೈಲಿನಲ್ಲಿರಲಿ.

ಗಿರಾಕಿ ಎಲ್ಲಿ?

ಮಲೆನಾಡಿನಲ್ಲಿ ಕೇಳಬೇಕಾ! ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ, ಶೃಂಗೇರಿ ಕಡೆ ಎಷ್ಟೊಂದು ಹೋಮ್‌ಸ್ಟೇಗಳು. ಬಂದವರು ಫೋಟೋ ತೆಗೆಸಿಕೊಳ್ಳಲು ಒಂದು ಗೋಡೆ ಅವರಿಗೂ ಬೇಕು. ಶಿವಮೊಗ್ಗದ ಹೊಸ ಕ್ಲಿನಿಕ್‌ಗಳು, ಶಾಲೆಗಳು, ಕೆಫೆಗಳು. ಬೆಂಗಳೂರಿಗೆ ಹೋಗಿ ಫ್ಲ್ಯಾಟ್ ಕೊಂಡ ನಮ್ಮೂರವರು ಇನ್ನೂ ಒಳ್ಳೆಯ ಗಿರಾಕಿಗಳು. ಅವರಿಗೆ ಊರಿನ ನೆನಪು ಬೇಕು, ಗೋಡೆ ಬರೆಸಲು ಅಪಾರ್ಟ್‌ಮೆಂಟಿನಲ್ಲಿ ಬಿಡುವುದಿಲ್ಲ, ಹಾಗಾಗಿ ಕ್ಯಾನ್ವಾಸ್ ಕೊಳ್ಳುತ್ತಾರೆ.

ಊರಲ್ಲಿ ಹಣ ಓಡಾಡುವುದು ಅಡಿಕೆ ಜೊತೆ. ಕೊಯ್ಲಿನ ಗಡಿಬಿಡಿಯಲ್ಲಿ ಯಾರ ಮನೆಗೂ ಚಿತ್ರ ಹಿಡಿದುಕೊಂಡು ಹೋಗಬೇಡಿ. ಅಡಿಕೆ ಬೇಯಿಸಿ, ಒಣಗಿಸಿ, ಮಂಡಿಗೆ ಹಾಕಿದ ಮೇಲೆ ಹೋಗಿ. ಆಗ ಮನೆ ರಿಪೇರಿ, ಗೃಹಪ್ರವೇಶದ ಮಾತು ನಡೆಯುತ್ತಿರುತ್ತದೆ. ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೆ ನಿಮ್ಮ ಕಲಾವಿದರನ್ನು ಕರೆದುಕೊಂಡು ಹೋಗಿ. ಮಾರಾಟ ಕಡಿಮೆಯಾದರೂ, ಜನ ಯಾವ ಚಿತ್ರದ ಮುಂದೆ ನಿಲ್ಲುತ್ತಾರೆ ಅನ್ನುವುದನ್ನು ಒಂದು ದಿನದಲ್ಲಿ ಕಲಿಯಬಹುದು.

ಲೆಕ್ಕಪತ್ರ

ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಕಮಿಷನ್‌ನಂಥ ಸೇವೆಯೂ ಇದ್ದರೆ 20 ಲಕ್ಷ ವಹಿವಾಟು ದಾಟಿದರೆ ಜಿ.ಎಸ್.ಟಿ. ನೋಂದಣಿ ಬೇಕು. ಹೊರ ರಾಜ್ಯಕ್ಕೆ ಕಳಿಸುವವರಿಗೆ ನಿಯಮ ಬೇರೆ. ಮೊದಲ ಪಾರ್ಸೆಲ್ ಕಳಿಸುವ ಮೊದಲೇ ಒಬ್ಬ ಆಡಿಟರ್ ಹತ್ತಿರ ಕೂತು ಮಾತಾಡಿ. ಸಣ್ಣ ಉದ್ಯಮಗಳಿಗೆ ಸರ್ಕಾರದ್ದೇ ಆದ ಉದ್ಯಮ್ ನೋಂದಣಿ ಇದೆ. ಅದಕ್ಕೆ ದುಡ್ಡು ಬೇಕಿಲ್ಲ, ಮಾಡಿಸಿ.

ಒಂದು ಎಚ್ಚರಿಕೆ. ಹಳೆ ತೊಟ್ಟಿಮನೆ ಕೆಡವುವಾಗ ಬಣ್ಣದ ಬಾಗಿಲು, ಕೆತ್ತನೆ ಕಂಬ ಕೊಳ್ಳುತ್ತೀರಾ ಎಂದು ನಿಮ್ಮನ್ನೇ ಕೇಳುತ್ತಾರೆ. 100 ವರ್ಷ ದಾಟಿದ್ದರೆ ಅದು 1972ರ ಪುರಾತನ ವಸ್ತುಗಳ ಕಾಯ್ದೆಗೆ ಬರುತ್ತದೆ. ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ದೇಶದ ಹೊರಗೆ ಕಳಿಸುವಂತಿಲ್ಲ. ಆ ದಾರಿಗೆ ಹೋಗಬೇಡಿ.

ಮಳೆ

ಬೇರೆ ಊರಿನ ವ್ಯಾಪಾರಿಗಳಿಗೆ ಇಲ್ಲದ ಕಷ್ಟ ನಮಗಿದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಆಸುಪಾಸು ಮಳೆ. ಶಿವಮೊಗ್ಗ ಪೇಟೆಯಲ್ಲಿ ಅಷ್ಟಿಲ್ಲ, ಆದರೆ ಘಟ್ಟದ ಅಂಚಿಗೆ ಹೋದಂತೆ ಗೋಡೆಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗುವುದೇ ಇಲ್ಲ. ಹೊರಗೋಡೆ ಕೆಲಸ ದೀಪಾವಳಿ ಆದ ಮೇಲೆ ಹಿಡಿಯಿರಿ, ಏಪ್ರಿಲ್ ಒಳಗೆ ಮುಗಿಸಿ.

ಗೋಡೆ ಒಣಗಿದೆಯಾ ಎಂದು ನೋಡಲು ಸುಲಭದ ಉಪಾಯ ಇದೆ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಒಂದು ದಿನ ಬಿಟ್ಟು ನೋಡಿ. ಒಳಗೆ ಹನಿ ಕಟ್ಟಿದ್ದರೆ ಇನ್ನೂ ಕಾಯಿರಿ. ಹೊಸ ಗಾರೆಯಾದರೆ ನಾಲ್ಕು ವಾರವಾದರೂ ಬಿಡಿ. ಪಾಚಿ ಕಟ್ಟಿದ್ದರೆ ಬ್ಲೀಚಿಂಗ್ ಪುಡಿ ನೀರಲ್ಲಿ ಉಜ್ಜಿ, ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಹೊರಗೋಡೆ ಪ್ರೈಮರ್. ನಮ್ಮ ಮಳೆ ಪಶ್ಚಿಮದಿಂದ ಬೀಸಿ ಬರುವುದರಿಂದ ಪೂರ್ವಕ್ಕೆ ಮುಖ ಮಾಡಿದ, ಉದ್ದ ಸೂರಿರುವ ಗೋಡೆ ಸಿಕ್ಕರೆ ಅದನ್ನೇ ಆರಿಸಿ. ಪಡುವಣ ಗೋಡೆಯೇ ಬೇಕು ಅನ್ನುವ ಗಿರಾಕಿಗೆ, ಎರಡು ಮಳೆಗಾಲಕ್ಕೆ ಮತ್ತೆ ತಿದ್ದಬೇಕಾಗುತ್ತದೆ ಎಂದು ಬಾಯಿಬಿಟ್ಟು ಹೇಳಿ, ಆ ಖರ್ಚನ್ನೂ ಒಪ್ಪಂದದಲ್ಲಿ ಬರೆಸಿ.

ಮನೆಯೊಳಗೆ ಇಟ್ಟ ಸರಕಿಗೂ ಮಳೆ ಬಿಡುವುದಿಲ್ಲ. ನನ್ನ ಎರಡನೇ ಮಳೆಗಾಲದಲ್ಲಿ ಹನ್ನೊಂದು ಕ್ಯಾನ್ವಾಸ್ ಗೋಡೆಗೆ ಒರಗಿಸಿ ನೆಲದ ಮೇಲೆ ಇಟ್ಟಿದ್ದೆ. ಆಗಸ್ಟಿನಲ್ಲಿ ತೆಗೆದರೆ ಹಿಂಬದಿ ಪೂರ್ತಿ ಹಸಿರು ಬೂಸ್ಟು, ಕೆಳಗಿನ ಕಟ್ಟಿಗೆಗೆ ಗೆದ್ದಲು. ಮೂರು ಉಳಿದವು. ಹಾಳಾದ ಎಂಟಕ್ಕೆ ಕಲಾವಿದರಿಗೆ ಕೈಯಿಂದ ಕೊಟ್ಟೆ. ನನ್ನ ಮನೆಯಲ್ಲಿದ್ದಾಗ ಕೆಟ್ಟರೆ ಜವಾಬ್ದಾರಿ ನನ್ನದೇ ಅಲ್ವಾ.

ಈಗ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದ್ದೇನೆ. ನೆಲದಿಂದ ಒಂದಡಿ ಮೇಲೆ, ಗೋಡೆಯಿಂದ ಗೇಣು ದೂರ, ಒಂದಕ್ಕೊಂದು ತಾಗದಂತೆ ನಿಲ್ಲಿಸಿ. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಬೇಡಿ, ಒಳಗೇ ಬೆವರುತ್ತದೆ. ಹಳೆ ಹತ್ತಿ ಪಂಚೆ ಹೊದಿಸಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಎಂದು ಅಲ್ಲಿಡಬೇಡಿ, ಹೊಗೆ ಬಣ್ಣ ತಿನ್ನುತ್ತದೆ. ಕ್ಯಾನ್ವಾಸ್ ಸುರುಳಿ ಮಾಡಿ ಕಳಿಸುವುದಾದರೆ ಬಣ್ಣದ ಮುಖ ಹೊರಗೆ ಬರುವಂತೆ, ಬೆಣ್ಣೆ ಕಾಗದ ಸುತ್ತಿ, ದಪ್ಪ ಪೈಪಿನೊಳಗೆ ಇಡಿ. ಒಳಮುಖ ಸುತ್ತಿದರೆ ಬಣ್ಣ ಮುದುಡಿ ಬಿರುಕು ಬಿಡುತ್ತದೆ. ಕೊಂಡವರ ಮನೆಯಲ್ಲಿ ಫ್ರೇಮ್ ತೂಗುಹಾಕುವಾಗ ಹಿಂದಿನ ಕೆಳಮೂಲೆಗಳಿಗೆ ಎರಡು ಬಿರಡೆ ಚೂರು ಅಂಟಿಸಿ. ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಕೆಳಗಿಳಿಸಿ, ಹಿಂಬದಿ ಒಣಬಟ್ಟೆಯಲ್ಲಿ ಒರೆಸಲು ಹೇಳಿ. ಜುಲೈನಲ್ಲಿ ಒಮ್ಮೆ ನೀವೇ ಫೋನ್ ಮಾಡಿ ಕೇಳಿ.